ಕಾಟಾವನ್ನು ತೂಗುವವರು ಯಾರು?

ಕಬ್ಬು ತೂಗುತ್ತಾರೆ, ರಸದ ಸಿಹಿ ಅಳೆಯುತ್ತಾರೆ, ಬಿಲ್ಲು ಬರೆಯುತ್ತಾರೆ. ಅಳೆಯುವ ಸಾಧನವೇ ಗಳಿಗೆಗೊಂದು ಮಾತಾಡಿದರೆ? ಬೆಳಗಾವಿಯ ಮಶಿನ್ ಶಾಪುಗಳು ಗೇಜಿಗೆ ಒಡ್ಡುವ ಪರೀಕ್ಷೆಯನ್ನು ಮಲಪ್ರಭೆಯ ದಂಡೆಯ ರೈತ ತನ್ನ ಕಬ್ಬಿಗೂ ಕೇಳುವ ಕಾಲ ಬಂದಿದೆ.

ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ರಸ್ತೆಯ ಒಂದು ಮಗ್ಗುಲಿಗೆ, ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಇನ್ನೊಂದು ಮಗ್ಗುಲಿಗೆ. ರಾತ್ರಿ ಹನ್ನೊಂದು ದಾಟಿತ್ತು. ಎತ್ತಿನ ಕೊರಳ ಗೆಜ್ಜೆಯ ಸದ್ದು ಟ್ರ್ಯಾಕ್ಟರಿನ ಹಾಡಿನ ಅಬ್ಬರದಲ್ಲಿ ಕೇಳಿಯೂ ಕೇಳದಂತಿತ್ತು.

ನಮ್ಮ ಕಾಕಾ ಸಾಲಿನ ನಡುವೆ ತಮ್ಮ ಎರಡು ಟ್ರೇಲರಿನ ಗಾಡಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದು ಮೊಬೈಲಿನ ಬೆಳಕಿಗೆ ಹಿಡಿದರು. ಊರ ಹೊರಗಿನ ಖಾಸಗಿ ಕಾಟಾದ ಚೀಟಿ. ಗಾಡಿ ಸಮೇತ 24,310 ಕೆ.ಜಿ.

‘ಹೊರಗ ಇಷ್ಟ ಐತಿ ನೋಡಪಾ. ಒಳಗ ಎಷ್ಟ ಬರ್ತೈತೋ ನೋಡೂಣು.’

ಮರುದಿನ ಮಧ್ಯಾಹ್ನ ಅವರ ಗಾಡಿ ಕಾರ್ಖಾನೆಯ ಕಾಟಾ ಹತ್ತಿತು. ಕೆಂಪು ಅಂಕಿಗಳು ಅತ್ತಿತ್ತ ಓಡಿ ನಿಂತವು: 24,180. ಹೊರಗಿನದಕ್ಕಿಂತ 130 ಕೆ.ಜಿ. ಕಡಿಮೆ. ಟನ್ನಿಗೆ 3300 ರೂಪಾಯಿಯಂತೆ ಲೆಕ್ಕ ಹಿಡಿದರೆ 429 ರೂಪಾಯಿ. ಕಾಕಾ ಎರಡೂ ಚೀಟಿ ಜೋಡಿಸಿ ಹಿಡಿದು ನನ್ನ ಮುಖ ನೋಡಿದರು. ಬೆಳಗಾವಿಯ ಉದ್ಯಮಬಾಗದ ಮಶಿನ್ ಶಾಪೊಂದರ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ವರ್ಷಗಟ್ಟಲೆ ನಿಂತವನು ನಾನು. ಅಳತೆಯೇ ನನ್ನ ಅನ್ನ. ಆದರೂ ಅವರ ಕಣ್ಣಿನ ಪ್ರಶ್ನೆಗೆ ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. ಇದು ಮೋಸವೋ? ಕಾಟಾದ ದೋಷವೋ? ಅಥವಾ ಯಾವ ಅಳತೆಯೂ ತಪ್ಪಿಸಿಕೊಳ್ಳಲಾಗದ ಸಹಜ ಏರಿಳಿತವೋ?

ಮಲಪ್ರಭೆಯ ಹಂಗಾಮು

ಕಿತ್ತೂರು ಉತ್ಸವದ ಅಕ್ಟೋಬರ್ ಕಳೆಯುತ್ತಿದ್ದಂತೆ ಈ ಸೀಮೆಗೆ ಕಬ್ಬಿನ ಹಂಗಾಮು ಕಾಲಿಡುತ್ತದೆ. ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್. ಬೈಲಹೊಂಗಲ, ರಾಮದುರ್ಗದ ಕಬ್ಬಿಗೂ ದಾರಿಗಳು ಬೇರೆ ಬೇರೆ. ನವಿಲುತೀರ್ಥದ ಅಣೆಕಟ್ಟಿನ ನೀರು ಹರಿದಲ್ಲೆಲ್ಲ ಕಬ್ಬು. ಹೊಲದಲ್ಲಿ ರವದಿ, ರಸ್ತೆಯಲ್ಲಿ ಸಾಲು, ಮನೆಯಲ್ಲಿ ಬಿಲ್ಲಿನ ಚಿಂತೆ.

2025ರ ನವೆಂಬರ್ ಇಲ್ಲಿಯವರಿಗೆ ನೆನಪಿದೆ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3500 ರೂಪಾಯಿ ಕೇಳಿ ರಸ್ತೆಗೆ ಕೂತರು. ಕೊನೆಗೆ ಬೆಂಗಳೂರಿನಿಂದ 3300 ರೂಪಾಯಿಯ ಘೋಷಣೆ ಬಂತು, ಜೊತೆಗೆ ರಿಕವರಿಯ, ಅಂದರೆ ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣದ, ಷರತ್ತೂ ಬಂತು. ದರದ ಬಗ್ಗೆ ಎಲ್ಲರೂ ಮಾತಾಡಿದರು. ಆದರೆ ದರ ಎಂಬುದು ಗುಣಾಕಾರದ ಒಂದು ಅಂಕಿ ಮಾತ್ರ. ಇನ್ನೆರಡು ಅಂಕಿಗಳು ತೂಕ ಮತ್ತು ರಿಕವರಿ. ಅವು ಹುಟ್ಟುವುದು ಹೋರಾಟದ ಪೆಂಡಾಲಿನಲ್ಲಲ್ಲ. ಒಂದು ಕಾಟಾದ ಕೋಣೆಯಲ್ಲಿ ಹುಟ್ಟುತ್ತದೆ, ಇನ್ನೊಂದು ಲ್ಯಾಬಿನಲ್ಲಿ.

ತೊಂಬತ್ತು ಅಳತೆಗಳ ದಿನ

ಉದ್ಯಮಬಾಗಕ್ಕೆ ಬರೋಣ. ಬೈಲಹೊಂಗಲ, ಕಿತ್ತೂರಿನ ಹುಡುಗರು ಐಟಿಐ ಮುಗಿಸಿ ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುವ ಜಾಗ. ಎರಕ (ಕಾಸ್ಟಿಂಗ್), ಹೈಡ್ರಾಲಿಕ್ ಬಿಡಿಭಾಗ, ವಾಹನಗಳ ಬಿಡಿಭಾಗ ಇಲ್ಲಿನ ಜೀವ.

ನಾನಿದ್ದ ಶಾಪಿನಲ್ಲಿ ಒಮ್ಮೆ ಎರಡು ಪಾಳಿಗಳ ನಡುವೆ ಜಗಳ ಹತ್ತಿತು. 50 ಮಿ.ಮೀ. ರಂಧ್ರದ ಒಂದು ಪಾರ್ಟು. ಹಗಲು ಪಾಳಿ ಪಾಸ್ ಮಾಡಿದ್ದನ್ನು ರಾತ್ರಿ ಪಾಳಿ ರಿಜೆಕ್ಟ್ ಮಾಡುತ್ತಿತ್ತು. ಮಶಿನ್ ಆಪರೇಟರ್ ಆಫ್‌ಸೆಟ್ ಕೊಟ್ಟೂ ಕೊಟ್ಟೂ ಸೋತ. ಟೂಲ್ ಬದಲಿಸಿದೆವು, ಎರಕದ ಮೇಲೆ ಅನುಮಾನಪಟ್ಟೆವು. ರಿಜೆಕ್ಟ್ ಡಬ್ಬಿ ಮಾತ್ರ ತುಂಬುತ್ತಲೇ ಹೋಯಿತು.

ಗಿರಾಕಿ ಕಂಪನಿಯಿಂದ ಬಂದ ಹಿರಿಯ ಇನ್‌ಸ್ಪೆಕ್ಟರ್ ಪಾರ್ಟನ್ನು ಮುಟ್ಟಲೇ ಇಲ್ಲ. ‘ಮೊದಲ ನಿಮ್ಮ ಗೇಜ್ ನೋಡೂಣ್ರಿ’ ಎಂದರು. ಹತ್ತು ಪಾರ್ಟು ಆರಿಸಿದರು, ಒಳಮೈಗೆ ನಂಬರ್ ಬರೆದು ನಮಗೆ ಕಾಣದಂತೆ ಇಟ್ಟರು. ಮೂವರನ್ನು ಕರೆದರು. ಒಬ್ಬೊಬ್ಬರೂ ಪ್ರತಿ ಪಾರ್ಟನ್ನು ಮೂರು ಸಲ ಅಳೆಯಬೇಕು. ಪ್ರತಿ ಸಲವೂ ಕೊಡುವ ಕ್ರಮ ಬೇರೆ. ಹಿಂದಿನ ಅಂಕಿ ಯಾರಿಗೂ ನೆನಪಿರಬಾರದು, ಪಕ್ಕದವನ ಅಂಕಿ ಕಿವಿಗೆ ಬೀಳಬಾರದು. ಹತ್ತು, ಮೂರು, ಮೂರು. ಒಟ್ಟು 90 ಅಳತೆ.

ಸಂಜೆ ಹಾಳೆ ತುಂಬಿದಾಗ ನಮ್ಮ ಜಗಳ ಅದರಲ್ಲೇ ಬಿಚ್ಚಿ ಬಿದ್ದಿತ್ತು. ಒಬ್ಬೊಬ್ಬನ ಮೂರು ಅಳತೆಗಳು ಒಂದಕ್ಕೊಂದು ಹತ್ತಿರವೇ ಇದ್ದವು. ಕೈ ಬದಲಾದಾಗ ಅಂಕಿ ಜಿಗಿಯುತ್ತಿತ್ತು. ಇನ್‌ಸ್ಪೆಕ್ಟರ್ ನಮ್ಮ ಕೈಗಳನ್ನೇ ನೋಡುತ್ತ ನಿಂತಿದ್ದರು. ಬೋರ್ ಗೇಜನ್ನು ರಂಧ್ರದೊಳಗೆ ಇಳಿಸಿ ಮೆಲ್ಲಗೆ ತೂಗಾಡಿಸಬೇಕು. ಮುಳ್ಳು ಒಂದು ಕಡೆ ಹೋಗಿ, ನಿಂತು, ಹಿಂದಿರುಗುತ್ತದೆ. ಹಿಂದಿರುಗುವ ಆ ಬಿಂದುವೇ ಅಳತೆ. ನನ್ನ ಜೊತೆಗಾರ ತೂಗಾಡಿಸದೆ, ಮುಳ್ಳು ಮೊದಲು ನಿಂತಲ್ಲೇ ಓದಿಬಿಡುತ್ತಿದ್ದ. ನಾನು ಮಾಡುತ್ತಿದ್ದ ತಪ್ಪು ಬೇರೆ. ಮಶಿನ್ನಿನಿಂದ ಇಳಿದ ಬಿಸಿ ಪಾರ್ಟನ್ನು ಆರಲು ಬಿಡದೆ ಅಳೆಯುತ್ತಿದ್ದೆ. 50 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಡ್ರಾಯಿಂಗು ಒಪ್ಪುವ ಹೆಚ್ಚುಕಡಿಮೆ (ಟಾಲರೆನ್ಸ್) ಇದ್ದದ್ದೇ 20 ಮೈಕ್ರಾನ್. ಎಷ್ಟು ಒಳ್ಳೆಯ ಪಾರ್ಟುಗಳನ್ನು ನಾನು ಗುಜರಿಗೆ ಕಳಿಸಿದ್ದೆನೋ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಪಾರ್ಟುಗಳನ್ನು ಮಾಡಿದ ಆಪರೇಟರಿಗೆ ನನ್ನಿಂದ ಬೈಗುಳ ಬೇರೆ ಬಿದ್ದಿತ್ತು.

ಈ ಪರೀಕ್ಷೆಗೆ ಶಾಪಿನಲ್ಲಿ ‘ಗೇಜ್ ಆರ್ ಅಂಡ್ ಆರ್’ ಎನ್ನುತ್ತಾರೆ. ಮೊದಲ ‘ಆರ್’ ಎಂದರೆ ಅದೇ ಕೈ, ಅದೇ ಗೇಜು, ಅದೇ ಪಾರ್ಟು, ಆದರೂ ಅಂಕಿ ಎಷ್ಟು ಅಲುಗುತ್ತದೆ ಎಂಬುದು. ಎರಡನೆಯದು ಕೈ ಬದಲಾದರೆ ಎಷ್ಟು ಅಲುಗುತ್ತದೆ ಎಂಬುದು. 1990ರಲ್ಲಿ ಅಮೆರಿಕದ ಕ್ರೈಸ್ಲರ್, ಫೋರ್ಡ್, ಜನರಲ್ ಮೋಟರ್ಸ್ ಸೇರಿ ಇದಕ್ಕೊಂದು ಕೈಪಿಡಿ ತಂದವು. ಈಗ ವಾಹನದ ಬಿಡಿಭಾಗ ಮಾಡುವ ಶಾಪು ಎಲ್ಲೇ ಇರಲಿ, ಈ ಹಾಳೆ ತೋರಿಸದೆ ದೊಡ್ಡ ಆರ್ಡರ್ ಸಿಗುವುದು ಕಷ್ಟ.

ಲೆಕ್ಕದ ತಿರುಳು ನಮ್ಮ ಶಾಲೆಯ ಪೈಥಾಗೊರಸ್ ಪ್ರಮೇಯದಲ್ಲೇ ಇದೆ. ಪಾರ್ಟುಗಳ ನಿಜವಾದ ಏರಿಳಿತ 8 ಮೈಕ್ರಾನ್, ಅಳೆಯುವಿಕೆಯ ಏರಿಳಿತ 6 ಮೈಕ್ರಾನ್ ಎಂದುಕೊಳ್ಳಿ. ಹಾಳೆಯ ಮೇಲೆ ಕಾಣುವುದು 14 ಅಲ್ಲ, 10. ಕೂಡಬೇಕಾದ್ದು ಅವುಗಳ ವರ್ಗಗಳನ್ನು: 64ಕ್ಕೆ 36 ಸೇರಿ 100. ಇದರಲ್ಲಿ ಗೇಜಿನ ಪಾಲು ನೂರಕ್ಕೆ 60 ಎಂದು ಬರೆಯುತ್ತಾರೆ. ಕೈಪಿಡಿಯ ಪ್ರಕಾರ 10ರೊಳಗಿದ್ದರೆ ಒಳ್ಳೆಯದು, 30 ದಾಟಿದರೆ ಆ ಗೇಜನ್ನು ನಂಬಿ ಯಾವ ಪಾರ್ಟಿನ ಹಣೆಬರಹವನ್ನೂ ಬರೆಯುವಂತಿಲ್ಲ.

• ಹತ್ತಿಯ ತೇವ
*ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿಯ ಹೆಸರಿದೆ. ಬೆಂಬಲ ಬೆಲೆಗೆ ಕೊಳ್ಳುವ ಭಾರತೀಯ ಹತ್ತಿ ನಿಗಮ ತೇವ ನೋಡುತ್ತದೆ: ನೂರಕ್ಕೆ 8ರೊಳಗಿದ್ದರೆ ಪೂರ್ತಿ ದರ, 12ರವರೆಗೆ ಕಡಿತ, ಅದರ ಮೇಲಾದರೆ ಮಾಲು ವಾಪಸ್. ತೇವದ ಮೀಟರಿನ ಮುಳ್ಳು ಚೀಲದ ಬಾಯಿಯಲ್ಲಿ ಚುಚ್ಚಿದರೆ ಒಂದು ಅಂಕಿ, ನಡುವಿಗೆ ಇಳಿಸಿದರೆ ಇನ್ನೊಂದು. ಅರಳೆಯನ್ನು ಎಷ್ಟು ಒತ್ತಿ ಹಿಡಿದಿದ್ದಾರೆ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. 12ರ ಗೆರೆಯ ಹತ್ತಿರ ನಿಂತ ರೈತನಿಗೆ ಇದು ಮನೆಗೆ ಮರಳುವ ಗಾಡಿಯ ಬಾಡಿಗೆ.*

130 ಕೆ.ಜಿ.ಯ ಲೆಕ್ಕ

ಅದೇ ಕಣ್ಣಿನಿಂದ ಕಾಕಾನ ಎರಡು ಚೀಟಿಗಳನ್ನು ನೋಡೋಣ.

ಲಾರಿ ತೂಗುವ ಕಾಟಾ ಸಾಮಾನ್ಯವಾಗಿ 10 ಕೆ.ಜಿ.ಯ ಹೆಜ್ಜೆಯಲ್ಲಿ ಅಂಕಿ ತೋರಿಸುತ್ತದೆ. ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಬೇಕು. ಹಾಕುವಾಗ 20 ಟನ್ನಿಗಿಂತ ಮೇಲಿನ ಭಾರಕ್ಕೆ 15 ಕೆ.ಜಿ. ಹೆಚ್ಚುಕಡಿಮೆಯನ್ನು ನಿಯಮ ಒಪ್ಪುತ್ತದೆ. ಬಳಕೆಯಲ್ಲಿರುವಾಗ ಅದರ ಇಮ್ಮಡಿ, ಅಂದರೆ 30 ಕೆ.ಜಿ. ಹೊರಗಿನ ಕಾಟಾ 30 ಹೆಚ್ಚು ತೋರಿಸಿ ಒಳಗಿನದು 30 ಕಡಿಮೆ ತೋರಿಸಿದರೂ ಎರಡೂ ನಿಯಮದೊಳಗೇ ಇರುತ್ತವೆ. ಅಲ್ಲಿಗೆ 60 ಕೆ.ಜಿ. ಆಯಿತು.

ಹೊರಗೆ ತೂಗುವಾಗ ಡ್ರೈವರ್ ಸೀಟಿನ ಮೇಲಿದ್ದ, ಒಳಗೆ ಇಳಿದಿದ್ದ. ಸುಮಾರು 65 ಕೆ.ಜಿ. ನಡುವೆ ಒಂದು ರಾತ್ರಿ, ಅರ್ಧ ದಿನ. ಕಡಿದ ಕಬ್ಬು ಆರುತ್ತದೆ, ಡೀಸೆಲ್ ಉರಿಯುತ್ತದೆ, ಚಕ್ರದ ಮಣ್ಣು ಉದುರುತ್ತದೆ. 130 ಕೆ.ಜಿ. ಇಲ್ಲೇ ಕರಗಿಹೋಗಬಲ್ಲದು.

ಇದರರ್ಥ ಮೋಸ ನಡೆಯುವುದಿಲ್ಲ ಎಂದಲ್ಲ. ನನ್ನ ಮಾತು ಅದಕ್ಕೆ ತದ್ವಿರುದ್ಧ. ಸಹಜ ಏರಿಳಿತದ ಗಡಿ ಎಲ್ಲಿ ಎಂದು ಗೊತ್ತಿದ್ದರೆ ಗಡಿ ದಾಟಿದ್ದು ಕಣ್ಣಿಗೆ ರಾಚುತ್ತದೆ. ಡ್ರೈವರನ್ನು ಇಳಿಸಿ, ಒಂದೇ ತಾಸಿನಲ್ಲಿ ಎರಡು ಕಾಟಾದ ಮೇಲೆ ತೂಗಿದ ಗಾಡಿಯಲ್ಲಿ ಅರ್ಧ ಟನ್ನು ವ್ಯತ್ಯಾಸ ಬಂದರೆ ಅದಕ್ಕೆ ಏರಿಳಿತ ಎಂಬ ಹೆಸರು ಒಪ್ಪುವುದಿಲ್ಲ. ಗಡಿಯೇ ಗೊತ್ತಿಲ್ಲದ ಕಡೆ ಪ್ರಾಮಾಣಿಕ ಕಾಟಾದವನಿಗೂ ‘ಕಾಟಾ ಹೊಡೀತಾನ’ ಎಂಬ ಮಾತು ತಪ್ಪದು, ನಿಜವಾಗಿ ಹೊಡೆಯುವವನು ಅದೇ ಗದ್ದಲದ ಮರೆಯಲ್ಲಿ ಪಾರಾಗುತ್ತಾನೆ.

ಕಾಟಾದ ದೋಷದಲ್ಲೂ ಬಗೆಗಳಿವೆ, ರೈತ ಇವನ್ನು ಬೇರೆ ಮಾಡಿ ನೋಡಬೇಕು. ಸೊನ್ನೆಯೇ ಸರಿದು ಎಲ್ಲ ಭಾರಕ್ಕೂ 50 ಕೆ.ಜಿ. ಕಡಿಮೆ ತೋರಿಸುವ ಕಾಟಾ ಕಬ್ಬಿನ ನಿವ್ವಳ ತೂಕವನ್ನು ಕೆಡಿಸುವುದಿಲ್ಲ. ತುಂಬಿದ ಗಾಡಿಯಲ್ಲೂ 50 ಕಡಿಮೆ, ಖಾಲಿ ಗಾಡಿಯಲ್ಲೂ 50 ಕಡಿಮೆ, ಕಳೆದಾಗ ಎರಡೂ ಹೋಗುತ್ತವೆ. ಭಾರ ಏರಿದಂತೆ ತಪ್ಪೂ ಏರುವ ಕಾಟಾ ಅಪಾಯದ್ದು. ಖಾಲಿ ಇದ್ದಾಗ ಅದು ಸತ್ಯವನ್ನೇ ಹೇಳುತ್ತದೆ, ತುಂಬಿದಾಗ ಮಾತು ತಪ್ಪುತ್ತದೆ. ಅದನ್ನು ಹಿಡಿಯಲು ಇಪ್ಪತ್ತು, ಇಪ್ಪತ್ತೈದು ಟನ್ನಿನ ಹತ್ತಿರವೇ ಗೊತ್ತಿರುವ ಭಾರವಿಟ್ಟು ನೋಡಬೇಕು. ವೇದಿಕೆಯ ಮೂಲೆಯಲ್ಲಿ ಗಾಡಿ ನಿಂತರೆ ಒಂದು, ನಡುವೆ ನಿಂತರೆ ಇನ್ನೊಂದು ತೋರಿಸುವುದು ಮತ್ತೊಂದು ರೋಗ. ತಳದಲ್ಲಿ ರವದಿ, ಮಣ್ಣು ಸಿಕ್ಕಿದರೂ ಹೀಗಾಗುತ್ತದೆ.

ತೂಕಕ್ಕಿಂತ ದೊಡ್ಡದು

ಕಾಟಾದ ಮುಂದೆ ಜನ ಸೇರುತ್ತಾರೆ. ಲ್ಯಾಬಿನ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಈ ಲೇಖನ ಬರೆಯಲು ಕೂತಾಗ ನನ್ನನ್ನು ಬೆಚ್ಚಿಬೀಳಿಸಿದ್ದು ಅಲ್ಲಿಯ ಲೆಕ್ಕ.

2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ನ್ಯಾಯಸಮ್ಮತ ಮತ್ತು ಲಾಭದಾಯಕ ದರ) ಕ್ವಿಂಟಲಿಗೆ 355 ರೂಪಾಯಿ, ಅದು ನೂರಕ್ಕೆ 10.25 ರಿಕವರಿಗೆ. ಅಲ್ಲಿಂದ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಟನ್ನಿಗೆ 34 ರೂಪಾಯಿ 60 ಪೈಸೆ. ಇಪ್ಪತ್ತು ಟನ್ ಕಬ್ಬಿಗೆ 692. ನಿಯಮದೊಳಗಿನ ಕಾಟಾ ತಪ್ಪಬಹುದಾದ 30 ಕೆ.ಜಿ.ಯ ಬೆಲೆ 99 ರೂಪಾಯಿ. ರಿಕವರಿಯ ಒಂದೇ ಒಂದು ದಶಾಂಶ ಅದರ ಏಳು ಪಟ್ಟು.

ಈ ರಿಕವರಿ ಒಬ್ಬೊಬ್ಬರ ಗಾಡಿಯದಲ್ಲ, ಕಾರ್ಖಾನೆಯ ಹಿಂದಿನ ಹಂಗಾಮಿನದು. ಹಾಗಾಗಿ ಅದು ಅಲುಗಿದರೆ ಎಲ್ಲರಿಗೂ ಅಲುಗುತ್ತದೆ. ದಿನಕ್ಕೆ 5000 ಟನ್ ನುರಿಸುವ ಕಾರ್ಖಾನೆ 120 ದಿನ ಓಡಿದರೆ 6 ಲಕ್ಷ ಟನ್. ಅದರಲ್ಲಿ 0.1 ಎಂದರೆ 2 ಕೋಟಿ 7 ಲಕ್ಷ 60 ಸಾವಿರ ರೂಪಾಯಿ.

ರಿಕವರಿ ಎಂದರೆ ನೂರು ಟನ್ ಕಬ್ಬಿಗೆ ಎಷ್ಟು ಟನ್ ಸಕ್ಕರೆ ಎಂಬುದು. ಕಬ್ಬು ತೂಗಿದ ಕಾಟಾ ಈ ಲೆಕ್ಕದ ಛೇದದಲ್ಲಿ ಕೂತಿದೆ. ನೂರು ಟನ್ನಿಗೆ ಹತ್ತೂವರೆ ಟನ್ ಸಕ್ಕರೆ ಬಂದರೆ 10.5. ಅದೇ ಕಬ್ಬನ್ನು 98 ಟನ್ ಎಂದು ಬರೆದಿದ್ದರೆ ರಿಕವರಿ 10.71 ಎಂದು ಏರಬೇಕು. ತೂಕವೂ ಕಡಿಮೆ, ರಿಕವರಿಯೂ ಕಡಿಮೆ ಎಂದು ರೈತರು ಹೇಳಿದಾಗ ಈ ಎರಡು ಅಂಕಿಗಳನ್ನು ಎದುರುಬದುರು ಕೂರಿಸಿ ಕೇಳಬಹುದು. ಒಂದು ಅಳತೆಗೆ ಇನ್ನೊಂದು ಸಾಕ್ಷಿ.

ಎಥನಾಲ್ ಬಂದ ಮೇಲೆ ಲ್ಯಾಬಿನ ಹೊಣೆ ಇನ್ನೂ ಹೆಚ್ಚಿದೆ. ರಸದ ಸಿಹಿಯ ಒಂದು ಪಾಲು ಸಕ್ಕರೆ ಚೀಲಕ್ಕೆ ಬಾರದೆ ಎಥನಾಲಿಗೆ ಹೋಗುತ್ತದೆ. ಚೀಲ ಎಣಿಸಬಹುದು. ಹೋದ ಪಾಲನ್ನು ಲ್ಯಾಬಿನ ಅಳತೆಯಿಂದಲೇ ಲೆಕ್ಕ ಹಾಕಿ ಕೂಡಿಸಬೇಕು.

ಆ ಅಳತೆಯನ್ನು ಹತ್ತಿರದಿಂದ ನೋಡಿ. ಹೊಲದಲ್ಲಿ ಕೈಗೆ ಹಿಡಿಯುವ ರಿಫ್ರಾಕ್ಟೋಮೀಟರ್ ಒಂದು ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು, ಮುಚ್ಚಳ ಹಾಕಿ, ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದು ಬ್ರಿಕ್ಸ್, ರಸದ ಸಿಹಿಯ ಅಳತೆ. ಬುಡದ ಗಣಿಕೆಯ ರಸಕ್ಕೆ ಒಂದು ಅಂಕಿ, ತುದಿಯ ಗಣಿಕೆಯ ರಸಕ್ಕೆ ಅದಕ್ಕಿಂತ ಕಡಿಮೆ. ಗಾಜು ಒರೆಸದೆ ನೀರು ಉಳಿದಿದ್ದರೆ ಇನ್ನೂ ಕಡಿಮೆ. ಸಾಧನ ತಯಾರಾದದ್ದು 20 ಡಿಗ್ರಿಯ ಅಳತೆಗೆ. ಉಷ್ಣತೆಯನ್ನು ತಾನೇ ಸರಿದೂಗಿಸಿಕೊಳ್ಳದ ಸಾಧನವಾದರೆ 30 ಡಿಗ್ರಿಯ ಬಿಸಿಲಲ್ಲಿ ಮುಕ್ಕಾಲು ಬ್ರಿಕ್ಸಿನಷ್ಟು ಕಡಿಮೆಯೇ ತೋರಿಸುತ್ತದೆ. ನನ್ನ ಬಿಸಿ ಪಾರ್ಟಿನ ತಪ್ಪೇ ಇಲ್ಲಿ ವೇಷ ಬದಲಿಸಿ ನಿಂತಿದೆ. ಉಕ್ಕಿನ ಅಳತೆಗೂ ಜಗತ್ತು ಒಪ್ಪಿರುವುದು ಅದೇ 20 ಡಿಗ್ರಿಯನ್ನೇ.

ಒಳಗಿನ ಲ್ಯಾಬಿನಲ್ಲಿ ಪೋಲಾರಿಮೀಟರ್ ಇದೆ. ಸಕ್ಕರೆಯ ನೀರಿನಲ್ಲಿ ಹಾಯುವ ಬೆಳಕು ಎಷ್ಟು ತಿರುಗುತ್ತದೆ ಎಂದು ನೋಡಿ ಸಕ್ಕರೆ ಎಷ್ಟಿದೆ ಎಂದು ಹೇಳುವ ಸಾಧನ. ಒಂದು ಲೋಡಿನಿಂದ ಎಷ್ಟು ಜಲ್ಲೆ ಎಳೆದರು, ಎಲ್ಲಿಂದ ಎಳೆದರು, ರಸ ತೆಗೆದ ಮೇಲೆ ಎಷ್ಟು ಹೊತ್ತು ಇಟ್ಟರು ಎಂಬುದೆಲ್ಲ ಆ ಅಂಕಿಯೊಳಗೆ ಅಡಗಿ ಕೂತಿರುತ್ತದೆ.

• ಸಕ್ಕರೆಗೊಂದು ಪಂಚಾಯ್ತಿ
*ಮಾರುವವನ ಲ್ಯಾಬಿಗೆ ಒಂದು ಅಂಕಿ, ಕೊಳ್ಳುವವನ ಲ್ಯಾಬಿಗೆ ಇನ್ನೊಂದು. 19ನೇ ಶತಮಾನದ ಸಕ್ಕರೆ ವ್ಯಾಪಾರದ ತಲೆನೋವು ಇದು. ವಿಧಾನ ಒಂದೇ ಆಗಲಿ ಎಂದು 1897ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಂಡಳಿಯೇ ಇಕುಮ್ಸಾ. 26 ಗ್ರಾಂ ಸಕ್ಕರೆ, ಒಟ್ಟು 100 ಮಿ.ಲೀ. ದ್ರಾವಣ, 200 ಮಿ.ಮೀ. ಕೊಳವೆ, 20 ಡಿಗ್ರಿ ಉಷ್ಣತೆ: ಶುದ್ಧ ಸಕ್ಕರೆಯಾದರೆ ಮಾಪಕ 100 ತೋರಿಸಬೇಕು.*

ಲಾಭ, ಎರಡು, ಮೂರು

ಕೈ ಬದಲಾದರೆ ಅಳತೆ ಬದಲಾಗುತ್ತದೆ ಎಂಬುದು ನಮ್ಮ ಹಿರಿಯರಿಗೆ ಹೊಸದಲ್ಲ. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುತ್ತಿದ್ದ ಅಜ್ಜ ಸೇರನ್ನು ಮೊದಲಿಂದ ಕೊನೆಯವರೆಗೆ ಒಬ್ಬನ ಕೈಗೇ ಕೊಡುತ್ತಿದ್ದರು. ನಡುವೆ ಕೈ ಬದಲಿಸಲು ಬಿಡುತ್ತಿರಲಿಲ್ಲ. ಒಬ್ಬ ಸೇರಿನ ತಲೆ ಸವರುತ್ತಾನೆ, ಇನ್ನೊಬ್ಬ ಗೋಪುರ ಬಿಡುತ್ತಾನೆ. ಚೀಲದ ಲೆಕ್ಕ ತಪ್ಪುವುದು ಅಲ್ಲೇ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಲೆಕ್ಕಕ್ಕೆ ತಂದವರು ನಮ್ಮ ದೇಶದವರೇ ಆದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್. 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆ ಮಾಡುವಾಗ ಅವರು ಒಂದೇ ಸೀಮೆಗೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸುವ ಕ್ರಮ ತಂದರು. ಒಂದು ತಂಡದ ಅಂಕಿ ಇನ್ನೊಂದಕ್ಕೆ ಗೊತ್ತಿಲ್ಲ. ಎರಡರ ನಡುವಿನ ವ್ಯತ್ಯಾಸವೇ ಅಳತೆಯ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ಹೇಳುತ್ತಿತ್ತು. 1931ರಲ್ಲಿ ಅವರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲೇ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಬೆಳೆದು ಜಗತ್ತಿನಲ್ಲೇ ಹೆಸರಾದರು. ಉದ್ಯಮಬಾಗದ 90 ಅಳತೆಯ ಹಾಳೆಗೂ ಆ ಎರಡು ತಂಡಗಳಿಗೂ ಇರುವ ನಂಟು ನನಗೆ ತಡವಾಗಿ ಕಂಡಿತು.

ಕಬ್ಬಿಗೆ ಇದನ್ನು ಮಾಡಲು ಬೇಕಾದದ್ದೆಲ್ಲ ಬೆಳಗಾವಿಯಲ್ಲೇ ಇದೆ. ಗಣೇಶಪುರದಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಒಂದೇ ರಸವನ್ನು ಐದು ಬಾಟಲಿಗೆ ಹಂಚಿ, ಗುರುತು ಮುಚ್ಚಿ, ನಾಲ್ಕು ಲ್ಯಾಬುಗಳಿಗೆ ಕಳಿಸಲಿ. ಎರಡು ಬಾಟಲಿ ಒಂದೇ ಲ್ಯಾಬಿಗೆ ಬೇರೆ ನಂಬರಿನಲ್ಲಿ ಹೋಗಲಿ. ಬಂದ ಅಂಕಿಗಳನ್ನು ಕಾರ್ಖಾನೆಯ ಗೇಟಿನ ಮೇಲೆ, ಕನ್ನಡದಲ್ಲಿ, ದರದ ಬೋರ್ಡಿನ ಪಕ್ಕ ಅಂಟಿಸಲಿ. ಭಾರ ತುಂಬಿದ ಒಂದು ಲಾರಿ ವಾರಕ್ಕೊಮ್ಮೆ ಸೀಮೆಯ ಎಲ್ಲ ಕಾಟಾಗಳ ಮೇಲೂ ಹತ್ತಿ ಇಳಿಯಲಿ. ಸರ್ಕಾರಿ ಕಾಟಾ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದೇ. ಆದರೆ ಅದೂ ಒಂದು ಕಾಟಾ, ಅದರ ಏರಿಳಿತವನ್ನೂ ಅಳೆದು ಬೋರ್ಡಿಗೆ ಹಾಕಲೇಬೇಕು. ಕಾರಿನ ಬಿಡಿಭಾಗದ ರಂಧ್ರಕ್ಕೆ ಸಿಗುವ ಈ ಮರ್ಯಾದೆ ವರ್ಷವಿಡೀ ಬೆಳೆದ ಬೆಳೆಗೆ ಯಾಕೆ ಸಿಗಬಾರದು?

ಖಾಲಿ ಗಾಡಿಯ ಚೀಟಿ

ಹಂಗಾಮು ಮುಗಿಯುವ ಹೊತ್ತಿಗೆ ಕಾಕಾನ ಮನೆಗೆ ಹೋಗಿದ್ದೆ. ‘ನೀವು ಎಂದಾದರೂ ಖಾಲಿ ಗಾಡಿಯ ತೂಕ ನೋಡೀರೇನು ಕಾಕಾ?’ ಎಂದು ಕೇಳಿದೆ. ಅವರಿಗೆ ಅದೇನೆಂದು ತಿಳಿಯಲಿಲ್ಲ. ಅವರು ನೋಡುತ್ತಿದ್ದುದು ನಿವ್ವಳ ತೂಕ ಮಾತ್ರ.

ಪ್ರತಿ ಚೀಟಿಯಲ್ಲೂ ಮೂರು ಅಂಕಿ ಇರುತ್ತವೆ: ತುಂಬಿದ ಗಾಡಿ, ಖಾಲಿ ಗಾಡಿ, ಕಳೆದು ಉಳಿದ ಕಬ್ಬು. ಕಬ್ಬು ಪ್ರತಿ ಸಲ ಬೇರೆ. ಖಾಲಿ ಗಾಡಿ ಮಾತ್ರ ಹಂಗಾಮಿನುದ್ದಕ್ಕೂ ಅದೇ ಗಾಡಿ, ಅದೇ ಎರಡು ಟ್ರೇಲರು. ಅಂದರೆ ಅದೇ ಪಾರ್ಟನ್ನು ಅದೇ ಗೇಜು ಮತ್ತೆ ಮತ್ತೆ ಅಳೆದ ದಾಖಲೆ ಅವರ ಮನೆಯ ಡಬ್ಬಿಯಲ್ಲೇ ಇತ್ತು, ಒಂದು ಪೈಸೆ ಖರ್ಚಿಲ್ಲದೆ.

ಪಡಸಾಲೆಯ ನೆಲದ ಮೇಲೆ ಚೀಟಿಗಳನ್ನು ತಾರೀಖಿನ ಪ್ರಕಾರ ಹರಡಿದೆವು. ಕಾಕಿ ಕಂದೀಲಿನ ಕಾಲದ ತಮ್ಮ ದಪ್ಪ ಕನ್ನಡಕ ಹಾಕಿಕೊಂಡು ಅಂಕಿ ಓದಿದರು, ನಾನು ಬರೆದುಕೊಂಡೆ. 6,480. 6,490. 6,470. 6,480. ಕಾಟಾ ಒಂದೆರಡು ಹೆಜ್ಜೆಯೊಳಗೇ ನಡೆಯುತ್ತಿತ್ತು. ತುಂಬಿದ ಭಾರದಲ್ಲಿ ಅದು ಹೇಗಿದೆ ಎಂದು ಈ ಅಂಕಿಗಳು ಹೇಳಲಾರವು, ಅದನ್ನು ಅವರಿಗೆ ಹೇಳಿದೆ. ಅಷ್ಟರಲ್ಲಿ ಕಾಕಿ ತಡೆದರು. ‘ಇದೊಂದ ಬ್ಯಾರೆ ಐತಿ ನೋಡ.’ 6,550.

ಕಾಕಾ ಚೀಟಿ ಕೈಗೆ ತೆಗೆದುಕೊಂಡು ತಾರೀಖು ನೋಡಿದರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನೆನಪಾಯಿತು. ಅವತ್ತು ಅವರು ಹೋಗಿರಲಿಲ್ಲ, ಹೊಸ ಡ್ರೈವರ್ ಒಬ್ಬನೇ ಹೋಗಿದ್ದ. ತುಂಬಿದ ಗಾಡಿ ತೂಗುವಾಗ ಹುಡುಗ ಚಹಾಕ್ಕೆ ಇಳಿದಿದ್ದ, ಖಾಲಿ ಮಾಡಿ ಬರುವಾಗ ಸೀಟಿನ ಮೇಲೆಯೇ ಕೂತಿದ್ದ. ಅವನ ತೂಕವೆಲ್ಲ ಕಬ್ಬಿನಲ್ಲಿ ಕಳೆದಿತ್ತು.

ಕಾಕಾ ಎದ್ದು ಗೂಟಕ್ಕೆ ನೇತು ಹಾಕಿದ್ದ ಅಂಗಿಯಿಂದ ಪೆನ್ನು ತಂದರು. ಚೀಟಿಯ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ‘ಡ್ರೈವರ್ ಮ್ಯಾಲ’ ಎಂದು ಬರೆದರು. ಉಳಿದ ಚೀಟಿಗಳನ್ನು ಒಂದೊಂದಾಗಿ ತಿರುವಿ, ನೆನಪು ಮಾಡಿಕೊಳ್ಳುತ್ತ, ಅವುಗಳ ಬೆನ್ನಿಗೂ ಬರೆಯತೊಡಗಿದರು.